ತುದಿ ಮುರಿದ ಟೇಪು

ಜೂನ್ 3, ಸೋಮವಾರ

ಇವತ್ತೂ ಆಯತ. ಆರನೆಯ ದಿನ. ಅಕ್ಕನ ಮಗಳು ನನಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಸುತ್ತಿದ್ದಾಳೆ — ಮೂವತ್ತು ವರ್ಷ ಮರಗೆಲಸ ಮಾಡಿದವನಿಗೆ! ಗೆರೆ ಎಳೆದರೆ ಸಾಲದಂತೆ, ಉದ್ದ ಎಷ್ಟೆಂದು ಟೈಪ್ ಮಾಡಬೇಕಂತೆ. ಅಂದಾಜು ಎನ್ನುವುದೇ ಈ ಕಂಪ್ಯೂಟರಿಗೆ ಗೊತ್ತಿಲ್ಲ. ಅವಳು ಎದ್ದು ಹೋದಾಗ ಅಕ್ಕನ ಮೂಗು ಬರೆದಿಟ್ಟೆ. ಉದ್ದ 90 ಮಿಲಿಮೀಟರ್. ಅಕ್ಕ ನೋಡಿ, "ನಿನ್ ಬಾಯಿ ಬರೆಯೋಕೆ ಈ ಸ್ಕ್ರೀನ್ ಸಾಲಲ್ಲ ಬಿಡು" ಎಂದಳು.

ಹುಡುಗಿ ಸ್ವಂತವಾಗಿ ಹಿಡಿದ ಮೊದಲ ಕೆಲಸ — ರಿಟೈರ್ ಆದ ಹೆಡ್‌ಮೇಡಂ ಮನೆಗೆ ಪುಸ್ತಕದ ಬೀರು. ಗೋಡೆಗೂ ಕಂಬಕ್ಕೂ ನಡುವೆ ಕೂದಲೆಳೆ ಬಿಡದೆ ಕೂರಬೇಕು. ಅಳತೆ ತಂದವನು ನಾನು. ಅಗಲ 1840 ಮಿಲಿಮೀಟರ್. ಶುಕ್ರವಾರ ನಕ್ಷೆಯ ಫೈಲು ಹಲಗೆ ಕಟಿಂಗ್ ಮಷೀನಿಗೆ.

"ಸರಿ ಇದೆ ಅಲ್ವಾ ಮಾಮ?"

"ನನ್ ಕಣ್ಣೇ ಟೇಪು ಕಣೆ!"

ಜೂನ್ 5, ಬುಧವಾರ, ಮಧ್ಯಾಹ್ನ

ಮನೆಯ ಟೇಬಲ್ ಅಳೆದು, ಹುಡುಗಿ ಬರೆದಿಟ್ಟ ಕೋಣೆಯ ನಕ್ಷೆಯಲ್ಲಿ ಕೂರಿಸಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಮಾಮ, ನಿನ್ ಟೇಬಲ್ ಬಾಗಿಲಿಗೆ ಅಡ್ಡ ಬಂತು!"

ಹತ್ತು ಸೆಂಟಿಮೀಟರ್ ಹೆಚ್ಚು. ನನ್ನ ಟೇಪಿನ ತುದಿ ಮುರಿದು ಯಾವ ಕಾಲವಾಯಿತೋ. ಹತ್ತರ ಗೆರೆಯಿಂದ ಹಿಡಿದು, ಕೊನೆಗೆ ಮನಸ್ಸಿನಲ್ಲೇ ಹತ್ತು ಕಳೆಯುತ್ತೇನೆ. ಇವತ್ತು ಕಳೆಯಲು ಮರೆತೆ. ನಾನೂ ನಕ್ಕೆ.

ಮೇಡಂ ಮನೆಯಲ್ಲಿ ಕಳೆದೆನೇ? ಎತ್ತರಕ್ಕೆ ಕಳೆದೆ. ಆಳಕ್ಕೂ ಕಳೆದೆ. ಅಗಲಕ್ಕೆ? ಆಗ ಮೇಡಂ ನನ್ನ ಓದಿನ ವಿಚಾರ ಕೇಳಿದ್ದರು. ಊರ ಶಾಲೆಯ ಏಳನೆಯ ಕ್ಲಾಸನ್ನು ನಾನು ಕಾಲೇಜಿನವರೆಗೆ ಎಳೆಯುತ್ತಿದ್ದೆ.

ಸಂಜೆ 5

ಮೇಡಂ ಮನೆಗೆ ಓಡಿದೆ. ಬೀಗ. ಶನಿವಾರ ಬರುತ್ತಾರಂತೆ. ಕಿಟಕಿಗೆ ಪರದೆ.

ಜೂನ್ 6, ಗುರುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಆ ಗೋಡೆಯ ಫೋಟೋ ಹುಡುಗಿಯ ಬಳಿ ಇತ್ತು. ಏನೂ ಅರಿಯದವನಂತೆ ಕೇಳಿದೆ — ಫೋಟೋದಿಂದ ಅಳತೆ ತೆಗೆಯಬಹುದಾ?

"ಗೊತ್ತಿರೋ ಒಂದು ಅಳತೆ ಕೊಡು ಮಾಮ, ಮಿಕ್ಕಿದ್ದು ಅದೇ ಹೇಳತ್ತೆ."

ನೆಲದ ಟೈಲ್ 600. ಕೊಟ್ಟೆ. ಒಮ್ಮೆ 1755 ಬಂತು, ಒಮ್ಮೆ 1720. ಫೋಟೋ ಸೊಟ್ಟ. ಆದರೆ 1840 ಒಮ್ಮೆಯೂ ಬರಲಿಲ್ಲ.

ಕಂಬ ಊದಿಕೊಂಡಿದೆ ಎಂದರೆ ನಂಬುತ್ತಾರೆಯೇ?

"ಏನೋ, ಚೇಳು ಕಚ್ಚಿದೋನ ಹಾಗೆ ಓಡಾಡ್ತಿದೀಯ?" ಎಂದಳು ಅಕ್ಕ.

"ಕಾಲು ಜೋಮು."

ಜೂನ್ 7, ಶುಕ್ರವಾರ, 9:30

ಫೈಲು ಕಳಿಸಲು ಅವಳ ಬೆರಳು ಮೌಸಿನ ಮೇಲಿತ್ತು. ಬಾಯಿ ತಾನಾಗಿ ತೆರೆಯಿತು. "ನಿಲ್ಸೇ! ಅಗಲ ತಪ್ಪಿರ್ಬೇಕು. ಹತ್ತು ಸೆಂಟಿಮೀಟರ್. ನಂದೇ ತಪ್ಪು."

ಕೊನೆಯ ಎರಡು ಪದ ಈ ಬಾಯಿಗೆ ಹೊಸವು.

ಅವಳು ಕಟಿಂಗ್‌ನವರಿಗೆ ಫೋನ್ ಮಾಡಿದಳು. ನಮ್ಮ ಸರದಿ ಒಂದು ವಾರ ಮುಂದಕ್ಕೆ. ಮೇಡಂಗೂ ಮಾಡಿದಳು. "ಸಾರಿ ಮೇಡಂ" — ನಾಲ್ಕು ಸಲ. ನನ್ನ ಹೆಸರೆತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬ್ಯಾಗಿನಿಂದ ಹೊಸ ಟೇಪು ತೆಗೆದು ನನ್ನ ಮುಂದಿಟ್ಟಳು.

"ನಾಳೆ ನೀನೇ ಅಳೆದು ಹೇಳು."

"ನೀನ್ ಬರಲ್ವಾ?"

"ಇಲ್ಲ."

ಜೂನ್ 8, ಶನಿವಾರ, 11

ಮೇಡಂ ಮನೆ. ಅದೇ ಗೋಡೆಯ ಮುಂದೆ ನೆಲದ ಮೇಲೆ ಕೂತಿದ್ದೇನೆ. ಮೂರು ಕಡೆ ಅಳೆದೆ, ಮೂರು ಅಳತೆ ಬಂತು. ಗೋಡೆಯೇ ನೆಟ್ಟಗಿಲ್ಲ. ಹೋದ ವಾರವಾಗಿದ್ದರೆ ಒಂದನ್ನು ಆರಿಸಿ ಎದೆಯುಬ್ಬಿಸಿ ಹೇಳುತ್ತಿದ್ದೆ. ಹುಡುಗಿಗೆ ಫೋನ್ ಮಾಡಿದೆ.

"ಮೂರು ಥರ ಬರ್ತಿದೆ ಕಣೆ. ಯಾವ್ದು ಹೇಳ್ಲಿ?"

ಆ ಕಡೆಯಿಂದ ನಗು. ನಿನ್ನೆಯಿಂದ ಮೊದಲ ಸಲ.

"ಮೂರೂ ಹೇಳು ಮಾಮ. ಬರ್ಕೋತೀನಿ."

ಭುಜಕ್ಕೂ ಕಿವಿಗೂ ನಡುವೆ ಫೋನ್. ಹೇಳುತ್ತಲೇ ಇಲ್ಲೂ ಬರೆಯುತ್ತಿದ್ದೇನೆ. ಮೇಲೆ 1738. ನಡುವೆ 1741. ಕೆಳಗೆ… ತಡಿ ಪುಟ್ಟಾ, ಬಗ್ಗಿ ನೋಡಿ ಹೇಳ್—