ತರಬೇತಿ ಮುಗಿಯುವವರೆಗೆ

ಗುರುವಾರ, ಮಧ್ಯಾಹ್ನ

ನನ್ನ ಮೊಂಡಿ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ಬೈದುಕೋ. ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳ ರಾಶಿ. ಇಸ್ತ್ರಿ ಬಿಟ್ಟು ಪೆನ್ನು ಹಿಡಿಯಲು ಪುರುಸೊತ್ತಿರಲಿಲ್ಲ. ನೀನು ಫೋನನ್ನು ಲಿಫ್ಟಿನ ಗುಂಡಿಗೆ ಬೀಳಿಸಿಕೊಂಡ ಮೇಲೆ ನಮಗೆ ಕಾಗದವೇ ಗತಿ.

ಮೊದಲು ಒಳ್ಳೆ ಸುದ್ದಿ. ನಿನಗೆ ಹದಿನೆಂಟು ತುಂಬಿದರೂ ತರಬೇತಿ ಮುಗಿಯುವವರೆಗೆ ನಿಮ್ಮಪ್ಪ ಜೀವನಾಂಶ ಕೊಡಲೇಬೇಕು ಅಂತ ಕೋರ್ಟು ಹೇಳಿತು. "ಹುಡುಗಿ ಲಿಫ್ಟ್ ರಿಪೇರಿ ಕಲಿಯೋದಾ?" ಅಂತ ಅವರ ವಕೀಲರು ನಕ್ಕರು. "ನೀವು ಮೆಟ್ಟಿಲು ಹತ್ಕೊಂಡೇ ಹೋಗಿ ಬಿಡಿ ಸಾರ್" ಅಂದೆ. ನಮ್ಮ ವಕೀಲಮ್ಮ ನನ್ನ ಕಾಲು ತುಳಿದರು. ಪಾಪ, ನಿನ್ನ ಕೇಂದ್ರದ ಹೆಸರು ನಿಮ್ಮಪ್ಪನ ಕಿವಿಗೆ ಬೀಳದ ಹಾಗೆ ಎಷ್ಟು ಒದ್ದಾಡಿದ್ದರು ಆಕೆ.

ನಿಮ್ಮಪ್ಪ ಮಾತ್ರ ಜಗಳ ಆಡಲಿಲ್ಲ. ಅದೇ ನನಗೆ ಸರಿಬರಲಿಲ್ಲ. ನಿನ್ನೆ ಲಾಂಡ್ರಿಗೇ ಬಂದು, ಕುರ್ಚಿ ಎಳೆದು ಕೂತು, "ಅವಳು ಕಲಿಯೋವರೆಗೆ ತಾನೇ ನಾನು ಕೊಡಬೇಕಾದ್ದು? ಅವಳೇ ಬಿಟ್ಟರೆ?" ಅಂದರು.

"ಅವಳು ಬಿಡೋಳಲ್ಲ."

"ನೋಡೋಣ. ಸಂಜೆ ಗೇಟಿಂದ ಒಬ್ಬಳೇ ನಡ್ಕೊಂಡು ಹೋಗ್ತಾಳೆ, ಪಾಪ."

ನಿನ್ನ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಒತ್ತಿದ ದಿನವೂ ಅವರು ಹೀಗೇ ಮೆತ್ತಗೆ ಮಾತಾಡಿದ್ದರು ಕಣೇ.

ಈ ಕಾಗದ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಅಲ್ಲೇ ಉಳಿದು ದಿನಾ ಗೇಟಿಗೆ ಬರುತ್ತಾನೆ. ನಿನ್ನ ಮೇಷ್ಟ್ರಿಗೂ ವಿಷಯ ಹೇಳು. ತರಬೇತಿ ಬಿಡಬೇಡ; ಬಿಟ್ಟರೆ ಅವರಿಗೆ ಬೇಕಾದ್ದೇ ಆಯಿತು. ಹೀಗೆ ಬರೆಯುತ್ತಿದ್ದರೂ "ಬಂದುಬಿಡು ಮಗಳೇ" ಅಂತ ಕೂಗಬೇಕು ಅನ್ನಿಸುತ್ತಿದೆ.

ಕಲಿತ ವಿದ್ಯೆ ನಿನ್ನ ಕೈ ಹಿಡಿಯಲಿ. ನೂರು ಕಾಲ ಗಟ್ಟಿಯಾಗಿರು.

ನಿನ್ನ ಅಮ್ಮ

ತಾ.ಕ.: ಮಡಿಸಿದ್ದನ್ನು ಮತ್ತೆ ಬಿಚ್ಚಿದೆ. ಅವರಿಗೆ ಹೇಗೆ ಗೊತ್ತಾಯಿತು ಅಂತ ನೀನು ಕೇಳೇ ಕೇಳುತ್ತೀಯ. ನಾನೇ ಕಣೇ. ತೀರ್ಪು ಬಂದ ದಿನ, ನೀನು ಹೆಲ್ಮೆಟ್ ಹಾಕಿ ನಿಂತ ಫೋಟೋ ಅವರ ಮೊಬೈಲಿಗೆ ಕಳಿಸಿದೆ. "ನಿನ್ನ ಮಗಳು ಯಾವುದಕ್ಕೂ ಬಾರದೋಳು" ಅಂದಿದ್ದರಲ್ಲ, ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತ. ನಾನು ನೋಡಿದ್ದು ನಿನ್ನ ಮುಖ ಒಂದೇ. ಹಿಂದುಗಡೆ ಕೇಂದ್ರದ ಬೋರ್ಡಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನೋಣವೆಂದರೆ, ಮಾಡಿದವಳು ನಾನು, ಉಣ್ಣುವವಳು ನೀನು.

ಕೇಂದ್ರದ ಫೋನು ಯಾರೂ ಎತ್ತುತ್ತಿಲ್ಲ. ಮಾವ ಈಗ ತಾನೇ ಬಂದ. ನಿಮ್ಮಪ್ಪನ ಅಂಗಡಿಗೆ ಬೀಗ ಹಾಕಿದೆಯಂತೆ. "ಮಗಳನ್ನ ನೋಡ್ಕೊಂಡು ಬರ್ತೀನಿ" ಅಂತ ಪಕ್ಕದವರಿಗೆ ಹೇಳಿ ಬೆಳಿಗ್ಗೇನೇ ಹೊರಟರಂತೆ.