ಗೂಳಿ ಎಬ್ಬಿಸಿದ ಕಾರು

ಮನೆ, ಅಪ್ಪನ ಹೊಲಿಗೆ ಮೇಜಿನ ಒಂದು ಮೂಲೆ
ಮಾರ್ಚ್ ೧೪, ಗುರುವಾರ ಬೆಳಗ್ಗೆ

ನನ್ನ ಮುದ್ದು ಕಿಡಿ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂದಿದ್ದೆ. ಯಾರಿಗಾದರೂ ಹೇಳಿದೆಯೋ, ಇಲ್ಲಾ ನನ್ನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ನೀನೇ ಸ್ಕ್ರೂಡ್ರೈವರ್ ಹಿಡಿದು ಕೂತೆಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕಾಲು ನೋವು ಇದ್ದೇ ಇದೆ. ಆದರೂ ಜೂನಿಗೆ ಬೇಕಾದ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕಾಲವಾದ್ದರಿಂದ ಮೆಷಿನ್ ಬಿಟ್ಟು ಏಳುವುದಿಲ್ಲ. ಈ ಕಾಗದದ ಮೇಲೆ ಅಲ್ಲಲ್ಲಿ ನೀಲಿ ಸೀಮೆಸುಣ್ಣದ ಗೆರೆ ಕಂಡರೆ ಅದು ಯಾರದೋ ತೋಳಿನ ಅಳತೆ, ತಲೆ ಕೆಡಿಸಿಕೊಳ್ಳಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಾತು ಮಾತಿಗೂ ಬಾಯಿ ಹಾಕುತ್ತೀಯ, ಕಾಗದವಾದರೆ ನಿನಗೆ ಸುಮ್ಮನೆ ಕೂತು ಕೇಳುವ ಗತಿ ಬರುತ್ತದೆ.

ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮ ಹೋದ ವರ್ಷ ಎಲೆಕ್ಟ್ರಿಕ್ ಕಾರು ತಗೊಂಡಾಗ ನಾನು ಎಷ್ಟು ನಕ್ಕಿದ್ದೆ, ನಿನಗೆ ಗೊತ್ತು. ಸದ್ದಿಲ್ಲದೆ ಬಂದು ಹಿಂದೆ ನಿಲ್ಲುತ್ತದೆ ಅಂತ ಅದಕ್ಕೆ ಬೆಕ್ಕು ಅಂತ ಹೆಸರಿಟ್ಟವಳೂ ನಾನೇ. ಇಪ್ಪತ್ತಾರು ವರ್ಷ ಈ ಗುಡ್ಡದ ದಾರಿಯಲ್ಲಿ ಹಾಲಿನ ಕ್ಯಾನು, ಸಿಮೆಂಟು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ನಮ್ಮ ಗೂಳಿ ಜೀಪಿನ ಮುಂದೆ ಅದೊಂದು ಆಟದ ಸಾಮಾನು ಅನ್ನಿಸಿತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿ ಅಂದರೆ ಗಾಡಿ, ಮಿಕ್ಕಿದ್ದೆಲ್ಲ ಪೇಟೆ ಸುತ್ತುವುದಕ್ಕೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಆ ಮಾತನ್ನು ಯಾರಾದರೂ ನೆನಪಿಸಿದರೆ ಕಿವಿ ಕೇಳಿಸದವಳ ಹಾಗೆ ಎದ್ದು ಹೋಗುತ್ತೇನೆ.

ಮೊನ್ನೆ ಸೋಮವಾರ ಹನ್ನೊಂದು ಗಂಟೆಗೆ ಹಾಲಿನ ಕ್ಯಾನು ಇಳಿಸುತ್ತಿದ್ದೆ. ನರ್ಸಮ್ಮನ ಫೋನು ಬಂತು. ಗುಡ್ಡದ ತುದಿಯ ಮನೆಯಲ್ಲಿ ಆ ಮರ ಕೊಯ್ಯುವವನ ಹೆಂಡತಿಗೆ ನೋವು ಶುರುವಾಗಿದೆ, ಮಗು ಕಾಲು ಮುಂದಾಗಿ ನಿಂತಿದೆ, ಕೆಳಗಿನ ದೊಡ್ಡಾಸ್ಪತ್ರೆಗೆ ಒಯ್ಯಲೇಬೇಕು, ಆದರೆ ಕಾರು ಉಸಿರೇ ಬಿಡುತ್ತಿಲ್ಲ ಅಂದರು. ಬೆಳಗ್ಗೆ ಚೆನ್ನಾಗಿ ಹತ್ತಿ ಬಂದ ಕಾರು ಅಂತೆ. ಎರಡು ಗಂಟೆ ನಿಲ್ಲಿಸಿ ವಾಪಸ್ ಬಂದರೆ ಬಾಗಿಲೂ ತೆಗೆಯುತ್ತಿಲ್ಲ, ರಿಮೋಟಿನೊಳಗಿದ್ದ ಪುಟ್ಟ ಕೀ ಹಾಕಿ ತೆಗೆದರಂತೆ. "ಅಕ್ಕಾ, ನಿಮ್ಮ ಜೀಪು ತಗೊಂಡು ಬೇಗ ಬನ್ನಿ" ಅಂದರು. ಗೂಳಿಯನ್ನು ಲೋ ಗೇರಿಗೆ ಹಾಕಿ ಹತ್ತಿಸಿದೆ. ಎರಡು ದಿನದ ಮಳೆಗೆ ದಾರಿಯೆಲ್ಲ ಕೊಚ್ಚಿ ಕಲ್ಲು ಎದ್ದಿತ್ತು. ಆದರೂ ಅದು ಒಂದು ಸಲವೂ ಜಾರದೆ, ಗೊಣಗಿಕೊಂಡು, ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಿಸಿತು.

ಆದರೆ ಆ ಬಸುರಿ ಹುಡುಗಿಯ ಮುಖ ನೋಡಿದ ಮೇಲೆ ಅವಳನ್ನು ಗೂಳಿಗೆ ಹತ್ತಿಸುವ ಧೈರ್ಯ ಬರಲಿಲ್ಲ, ಮಗಳೇ. ಹಿಂದೆ ಎದುರುಬದುರು ಎರಡು ಬೆಂಚು, ಕಾಲು ಚಾಚುವುದಕ್ಕೆ ಜಾಗವಿಲ್ಲ. ಗಟ್ಟಿಮುಟ್ಟಾದ ಗಂಡಸರೇ ಇಳಿದ ಮೇಲೆ ಸೊಂಟ ಹಿಡಿದುಕೊಳ್ಳುತ್ತಾರೆ. ನರ್ಸಮ್ಮನೂ ಒಳಗೆ ಇಣುಕಿ ನೋಡಿ, "ಬೇರೆ ದಾರಿ ಇಲ್ಲದಿದ್ದರೆ ಸರಿ, ಆದ್ರೆ ಈ ಕುಲುಕಾಟ ತಡೆಯೋದು ಕಷ್ಟ" ಅಂದರು. ಆಗ ನೀನು ಹೋದ ತಿಂಗಳು ನಿನ್ನ ಎಲೆಕ್ಟ್ರಿಕ್ ಗಾಡಿ ಕೋರ್ಸಿನ ಪಾಠ ಅಂತ ಫೋನಿನಲ್ಲಿ ಅಂದಿದ್ದು ತಲೆಗೆ ಬಂತು. "ಅಮ್ಮಾ, ಗಾಡಿ ಓಡಿಸೋದು ದೊಡ್ಡ ಬ್ಯಾಟರಿ, ಆದ್ರೆ ಅದನ್ನ ನಿದ್ದೆಯಿಂದ ಎಬ್ಬಿಸೋದು ಮಾಮೂಲಿ ಚಿಕ್ಕ ಬ್ಯಾಟರಿ. ಅದು ಸತ್ತರೆ ಒಳಗಿರೋ ಕಂಪ್ಯೂಟರಿಗೆಲ್ಲ ಕಣ್ಣೇ ಬಿಡೋಕಾಗಲ್ಲ." ಆವತ್ತು ಹೂಂ ಅಂದುಕೊಂಡು ಪಾತ್ರೆ ತೊಳೆಯುತ್ತಿದ್ದೆ. ನೀನು ಹೇಳಿದ್ದು ಅರ್ಧ ಕಿವಿಯಲ್ಲಿ ಉಳಿದಿತ್ತಲ್ಲ, ಅದೇ ಪುಣ್ಯ.

ನರ್ಸಮ್ಮನಿಗೆ ಹತ್ತು ನಿಮಿಷ ಕೊಡಿ ಅಂದೆ. ಬಾನೆಟ್ ಎತ್ತಿದರೆ ಎಂಜಿನ್ನೇ ಇಲ್ಲ, ಬರೀ ಡಬ್ಬಿಗಳು. ಬೇರೆ ಯಾರದೋ ಅಡುಗೆಮನೆಗೆ ನುಗ್ಗಿದ ಹಾಗಾಯಿತು. ಕಿತ್ತಳೆ ಬಣ್ಣದ ವೈರುಗಳನ್ನು ಕಂಡು ಕೈ ಹಿಂದಕ್ಕೆ ಬಂತು, ಅದನ್ನು ಮುಟ್ಟಬಾರದು ಅಂತ ಹೇಳಿದವಳೂ ನೀನೇ. (ಯಾರ ಮಾತನ್ನೂ ಕೇಳದ ಹೆಂಗಸು ಒಂದು ವೈರಿನ ಮಾತು ಕೇಳಿದ್ದಾಳೆ ಅಂತ ಅಪ್ಪ ಮೂರು ದಿನದಿಂದ ನಗುತ್ತಿದ್ದಾರೆ.) ಮೂಲೆಯಲ್ಲಿ ಸಿಕ್ಕಿತು ನೋಡು, ಗೂಳಿಯ ಬ್ಯಾಟರಿಯ ತಮ್ಮನ ಹಾಗಿರುವ ಒಂದು ಬ್ಯಾಟರಿ. ಟರ್ಮಿನಲ್ ಸಡಿಲ, ಸುತ್ತ ಬಿಳಿ ಪುಡಿ. ಅಷ್ಟೊಂದು ಕಂಪ್ಯೂಟರು ಇಟ್ಟುಕೊಂಡ ಗಾಡಿಯನ್ನು ಮಲಗಿಸಿದ್ದು ಒಂದು ಚಿಟಿಕೆ ಪುಡಿ! ಕೆರೆದು ಬಿಗಿ ಮಾಡಿದೆ. ಗೂಳಿಯನ್ನು ಪಕ್ಕಕ್ಕೆ ತಂದು ಅದರ ಬ್ಯಾಟರಿಯಿಂದ ಇದಕ್ಕೆ ಜಂಪರ್ ಕೇಬಲ್ ಕೊಟ್ಟೆ. ಒಂದು ನಿಮಿಷ ಏನೂ ಇಲ್ಲ. ಒಳಗಿಂದ ಆ ಹುಡುಗಿಯ ನರಳಾಟ ಕೇಳುತ್ತಿತ್ತು, ಅವಳ ಗಂಡ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಟಕ್ ಟಕ್ ಅಂತ ಒಳಗೆಲ್ಲೋ ಸದ್ದಾಗಿ, ಕಾರಿನ ಪರದೆ ಬೆಳಗಿತು. ನನ್ನ ಕಣ್ಣಲ್ಲಿ ನೀರು ಬಂತು ಅಂತ ಯಾರಿಗೂ ಹೇಳಬೇಡ.

ನರ್ಸಮ್ಮ ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿ ಹುಡುಗಿಯ ಜೊತೆ ಕೂತರು. ಅವಳ ಗಂಡನಿಗೆ ಗಾಡಿ ಬರುವುದಿಲ್ಲ. ಉಳಿದವಳು ನಾನೇ! ಗೇರಿಲ್ಲ, ಕ್ಲಚ್ಚಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಮೊದಲನೇ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಗಾಡಿ ನಿಧಾನವಾಯಿತು. "ಅಕ್ಕಾ, ಕಾಲು ಮೆತ್ತಗೆ ಎತ್ತಿ, ಅದೇ ಹಿಡಿದುಕೊಳ್ಳುತ್ತೆ" ಅಂತ ನರ್ಸಮ್ಮ ಹಿಂದಿನಿಂದ ಕೂಗಿದರು. ಮೂರು ತಿರುವು ಕಳೆಯುವ ಹೊತ್ತಿಗೆ ಕಾಲಿಗೆ ಅದರ ಗುಣ ತಿಳಿಯಿತು. ಆ ಇಳಿಜಾರಿನಲ್ಲಿ ಗೂಳಿಯ ಬ್ರೇಕು ಸುಟ್ಟ ವಾಸನೆ ಹೊಡೆಯುತ್ತದೆ. ಇದರಲ್ಲಿ ನಾನು ಬ್ರೇಕು ಮುಟ್ಟಿದ್ದೇ ಅಪರೂಪ, ಮೇಲಿಂದ ಹೊರಟಾಗ ನೂರಕ್ಕೆ ಅರವತ್ತೊಂದಿದ್ದ ಚಾರ್ಜು ಕೆಳಗೆ ಬಂದಾಗ ಅರವತ್ತಾರು! ಇಳಿದರೆ ತುಂಬುವ ಗಾಡಿಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ತೊರೆಯ ಹತ್ತಿರ ಕೆಸರಿನಲ್ಲಿ ಒಂದು ಚಕ್ರ ಜಾರಿತು. ಗೂಳಿಯಾಗಿದ್ದರೆ ನಾನು ಲೋ ಗೇರಿಗೆ ಹಾಕಿ ದೇವರ ಹೆಸರು ಹೇಳಬೇಕಿತ್ತು. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಜಾರುವ ಚಕ್ರವನ್ನು ತಾನೇ ಹಿಡಿದು, ಇನ್ನೊಂದಕ್ಕೆ ಬಲ ಕೊಟ್ಟು, ಏನೂ ಆಗದವರ ಹಾಗೆ ಮುಂದೆ ಹೋಯಿತು. ಆದರೂ ಪಕ್ಷಪಾತ ಮಾಡುವುದಿಲ್ಲ. ಒಂದು ಕಡೆ ಕಲ್ಲು ಕಾರಿನ ಹೊಟ್ಟೆಗೆ ಉಜ್ಜಿದಾಗ, ದೊಡ್ಡ ಬ್ಯಾಟರಿಯೆಲ್ಲ ಅಲ್ಲೇ ಅಲ್ಲವಾ ಅಂತ ಜೀವ ಬಾಯಿಗೆ ಬಂದಿತ್ತು. ಆ ಕಲ್ಲಿಗೆ ಗೂಳಿ ಕ್ಯಾರೇ ಅನ್ನುತ್ತಿರಲಿಲ್ಲ. ಹುಡುಗಿ ಮಾತ್ರ ಆ ಸದ್ದಿಲ್ಲದ ಗಾಡಿಯಲ್ಲಿ ನರ್ಸಮ್ಮನ ಪಿಸುಮಾತು ಕೇಳಿಕೊಂಡೇ ಉಸಿರು ಹಿಡಿದು ಬಿಡುತ್ತಾ ಬಂದಳು.

ಒಂದೂವರೆಗೆ ಆಸ್ಪತ್ರೆ ಮುಟ್ಟಿದೆವು. ಎರಡು ಗಂಟೆ ದಾಟಿದ ಮೇಲೆ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ. ಮಗುವಿನ ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದ, ನಾನು ಪಕ್ಕದಲ್ಲಿ ಕೂತು ಬೈಯುತ್ತಿದ್ದೆ, ನನಗೂ ಅಳು ಬರುತ್ತಿದ್ದದ್ದಕ್ಕೆ. ನರ್ಸಮ್ಮ ನನ್ನನ್ನು ಹೊಗಳುವುದಕ್ಕೆ ಶುರು ಮಾಡಿದಾಗ, ಆ ಬುದ್ಧಿ ನನ್ನ ಮಗಳದ್ದು ಅಂದೆ. ಬಂದು ಹೋದ ಎಲ್ಲರಿಗೂ ಅಂದೆ. ಲಿಫ್ಟಿನವನಿಗೂ ಅಂದೆ.

ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಿನಗೆ ಆಶೀರ್ವಾದ ಹೇಳುತ್ತಿದ್ದಾರೆ, ನೀನೇ ಅರ್ಥ ಮಾಡಿಕೊಂಡು ತಗೋ. ಕರೆಂಟಿನ ಕೆಲಸ ಮಾಡುವಾಗ ಕೈಗವಸು ತೆಗೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು.

ನಿನ್ನ,
ಅಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಕೋರ್ಸಿಗೆ ಹೊರಟ ದಿನ ಗೇರ್‌ಬಾಕ್ಸ್ ಬಿಚ್ಚಿದ್ದೀನಿ, ಬಸ್‌ಸ್ಟ್ಯಾಂಡಿಗೆ ಬರೋಕಾಗಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಏನೂ ಬಿಚ್ಚಿರಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೆ. ನನ್ನ ಜೀಪಿನ ಕೆಲಸ ಬೇಡ ಅಂತ ನೀನು ಬಿಟ್ಟು ಹೋಗುತ್ತಿದ್ದೀಯ ಅಂದುಕೊಂಡಿದ್ದೆ. ರಜೆಗೆ ಯಾವ ಬಸ್ಸಿಗೆ ಬರುತ್ತೀಯ, ಎಷ್ಟು ಗಂಟೆಗೆ ಅಂತ ತಪ್ಪದೆ ತಿಳಿಸು. ನಾನು ಬಂದು ನಿಂತಿರುತ್ತೇನೆ.