ಮೊಟಕು ನಳಿಕೆಯ ಕೇಪಿನ ರಿವಾಲ್ವರ್

ವೆಂಡೆಲ್,

ಇಂದು ಟಲ್ಸಾದಲ್ಲಿ, ನಮ್ಮಂಥ ಹಳೆ ಬಂದೂಕು ಸಂಗ್ರಹಿಸುವವರ ಮೇಳದಲ್ಲಿ, ನಿನ್ನ ಹೆಂಡತಿ ಅರ್ಡಿತ್ ನನ್ನ ಮೇಜಿನೆದುರು ಬಂದು ನಿಂತಳು. ಬಟ್ಟೆಯ ಗಂಟು ಬಿಚ್ಚಿ ನಿನ್ನ ಆ ಮೊಟಕು ನಳಿಕೆಯ, ಸಿಡಿಯುವ ಕೇಪು ಇಟ್ಟು ಹಾರಿಸುವ ಹಳೆ ರಿವಾಲ್ವರನ್ನು ಮುಂದಿಟ್ಟಳು. ಒಂಬತ್ತು ವರ್ಷದ ಹಿಂದೆ ಇದೇ ಜನರೆದುರು, "ನಳಿಕೆ ನೀನೇ ಕೊಯ್ದು, ಆ ಕಾಲದಲ್ಲೇ ಕೊಯ್ದಿದ್ದು ಅಂತ ತೋರಿಸ್ತಿದ್ದೀಯ, ಕಳ್ಳ" ಎಂದು ನಾನು ನಿನ್ನನ್ನು ಜರೆದದ್ದು ಇದಕ್ಕೇ.

"ಆವತ್ತು ನೀವು ಕೈಯಲ್ಲೂ ಹಿಡೀಲಿಲ್ಲ. ಈಗ ನೋಡಿ."

ಸುತ್ತಲಿನವರು ಹತ್ತಿರ ಬಂದರು. ಭೂತಗನ್ನಡಿ ಹಿಡಿದು ನಳಿಕೆಯ ತುದಿ ನೋಡಿದೆ. ಉಳಿದ ಉಕ್ಕಿನ ಮೇಲಿದ್ದ ನೂರೈವತ್ತು ವರ್ಷದ ಕಂದು ಛಾಯೆಯೇ ಕೊಯ್ದ ಅಂಚಿನ ಮೇಲೂ ಹಬ್ಬಿತ್ತು.

"ಆ ಕಾಲದಲ್ಲೇ ಕೊಯ್ದಿದ್ದು," ಎಂದೆ.

"ಜೋರಾಗಿ ಹೇಳಿ. ಆವತ್ತು ಹೇಳಿದಷ್ಟೇ ಜೋರಾಗಿ."

ಎದ್ದು ನಿಂತು ಹೇಳಿದೆ. ಅವಳು ರಿವಾಲ್ವರನ್ನು ಸುತ್ತಿಕೊಂಡು ಹೊರಟುಬಿಟ್ಟಳು. ನಿನ್ನನ್ನು ಎಲ್ಲಿ ಹೂಳಿದ್ದಾರೆಂದು ಕೇಳಲು ನನಗೆ ಬಾಯಿ ಬರಲಿಲ್ಲ.